ಕಪ್ಪು ಬಟ್ಟೆ ಹೊದಿಸದ ಕಿಟಕಿ

ಮಾರ್ಚ್ 3, ಬೆಳಿಗ್ಗೆ 5.40
ಮಗು ಈಗಷ್ಟೇ ಮಲಗಿತು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ, ಉಸಿರಾಡುತ್ತಿದೆ. ಮತ್ತೆ ನೋಡಿದೆ.
ಹೆರಿಗೆ ರಜೆ ಮುಗಿಸಿ ಲ್ಯಾಬ್‌ಗೆ ಹೋಗಲು ಶುರು ಮಾಡಿ ಎರಡನೇ ವಾರ. ನಿನ್ನೆ ಸೀನಿಯರ್‌ನ ವರದಿ ಕೈಗೆ ಬಂತು. ಉಪಗ್ರಹಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಳೆಯ ಮೇಲೆ ಸೇರಿದ ಚಾರ್ಜ್ ಆರು ಗಂಟೆಯಲ್ಲಿ ಇಳಿದುಹೋಗುತ್ತದಂತೆ. ನನ್ನ ಗ್ರಾಫ್. ನನ್ನ ಕಂಪ್ಯೂಟರಿನಿಂದ ಎತ್ತಿದ್ದು. ಹೆಸರು ಮಾತ್ರ ಅವನದು.
ಆದರೆ ಅದು ನನ್ನ ಕೆಟ್ಟುಹೋದ ಪ್ರಯೋಗ! ಆಗ ಎಂಟು ತಿಂಗಳ ಬಸುರಿ, ಹಾಳೆಯನ್ನಿಟ್ಟು ಅಳೆಯುವ ಚೇಂಬರಿನ ಗಾಜಿನ ಕಿಟಕಿಗೆ ಕಪ್ಪು ಬಟ್ಟೆ ಹೊದಿಸಲು ಮರೆತಿದ್ದೆ. ಬೆಳಕು ಬಿದ್ದರೆ ಚಾರ್ಜ್ ಬೇಗ ಸೋರುತ್ತದೆ. ಕತ್ತಲಲ್ಲಿ ದಿನಗಟ್ಟಲೆ ಕೂತಿರುತ್ತದೆ, ಒಂದು ದಿನ ಕಿಡಿ ಹಾರಿ ಒಳಗಿನ ಸರ್ಕ್ಯೂಟ್ ಸುಡುತ್ತದೆ. ಕದಿಯುವವನು ಒಂದು ಮಾತು ಕೇಳಿಯಾದರೂ ಕದಿಯಬಾರದೇ...
ಅವನಿಗೆ ಈಗ ಹೇಳುವುದಿಲ್ಲ. 24ಕ್ಕೆ ವರದಿಯ ರಿವ್ಯೂ ಮೀಟಿಂಗ್. ಎಲ್ಲರ ಮುಂದೆ ಕೇಳುತ್ತೇನೆ.

ಮಾರ್ಚ್ 6
ಚೇಂಬರ್ ಖಾಲಿ ಸಿಕ್ಕಿತು. ಅದೇ ಹಾಳೆಯ ತುಂಡು. ಕಿಟಕಿಗೆ ಎರಡು ಪದರ ಬಟ್ಟೆ. ಎಲೆಕ್ಟ್ರಾನ್ ಸುರಿಸಿ ನಿಲ್ಲಿಸಿದೆ — ಮೈನಸ್ 4,200 ವೋಲ್ಟ್.
ಸೀನಿಯರ್ ಬಾಗಿಲಲ್ಲಿ ತಲೆ ಹಾಕಿದ. "ಏನಮ್ಮ, ಕಣ್ಣು ಕೆಂಡ ಆಗಿದೆ? ರಾತ್ರಿಯೆಲ್ಲ ಜೋಗುಳಾನಾ?"
"ಹೌದು ಸರ್. ಅಭ್ಯಾಸ ಆಗೋಯ್ತು."
ಹಲ್ಲು ಕಚ್ಚಿ ನಕ್ಕೆ.

ಮಾರ್ಚ್ 9
ಮೂರು ದಿನ. 3,900. ಇಳಿದೇ ಇಲ್ಲ ಅನ್ನಬೇಕು! ಹಾಲು ಕುಡಿಸುತ್ತ ಒಬ್ಬಳೇ ನಗುತ್ತಿದ್ದೆ. "ಏನೇ, ಮಗು ನೋಡಿ ನಗ್ತಿದೀಯೋ, ಗೋಡೆ ನೋಡಿ ನಗ್ತಿದೀಯೋ?" ಎಂದರು ಅತ್ತೆ.
ಗಂಡನಿಗೆ ಹೇಳಿದೆ. "ಈಗ್ಲೇ ಹೇಳ್ಬಿಡೇ" ಎಂದ. ಈಗ ಹೇಳಿದರೆ ಸೀನಿಯರ್ ಸದ್ದಿಲ್ಲದೆ ತಿದ್ದಿಕೊಳ್ಳುತ್ತಾನೆ. ಥ್ಯಾಂಕ್ಸ್ ಕೂಡ ಅನ್ನಲಿಕ್ಕಿಲ್ಲ.

ಮಾರ್ಚ್ 17
ಹೊಲಿಗೆ ಹಾಲ್‌ಗೆ ಹೋಗಿದ್ದೆ. ವರದಿ ನಂಬಿ ಆ ಹಾಳೆಯ ಹೊದಿಕೆಗಳನ್ನು ಆಗಲೇ ಹೊಲಿಯುತ್ತಿದ್ದಾರೆ. ರಿವ್ಯೂಗೂ ಮುಂಚೆ! ಸೂಜಿ ಚುಚ್ಚಿ ಹೊಲಿಗೆಯಕ್ಕನ ಬೆರಳುಗಳಿಗೆಲ್ಲ ಟೇಪ್. ಬಸುರಿಯಾಗಿದ್ದಾಗ ನನಗೆ ಕುರ್ಚಿ ಬಿಟ್ಟುಕೊಡುತ್ತಿದ್ದವಳು. "ಪಾಪು ಹೇಗಿದೆ?" ಎಂದಳು. ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಇನ್ನೊಂದೇ ವಾರ.

ಮಾರ್ಚ್ 24, ಸಂಜೆ
ಕೇಳಿದೆ. "ಸರ್, ಅಳತೆ ಮಾಡೋವಾಗ ಕಿಟಕಿ ಮುಚ್ಚಿತ್ತಾ?"
"ಯಾವ ಕಿಟಕಿ?"
ಅಷ್ಟೇ ಸಾಕಾಯಿತು. ಚೇಂಬರಿನ ಮುಂದೆ ಒಂದು ದಿನವೂ ನಿಂತವನಲ್ಲ. ನನ್ನ ಹೊಸ ಗ್ರಾಫ್ ತೋರಿಸಿದೆ. ಅವನ ಕಿವಿ ಕೆಂಪಾದದ್ದನ್ನು ಕೊನೆಯ ಸಾಲಿನವರೂ ನೋಡಿದರು. ಆಹಾ!
ಆಮೇಲೆ ರಿವ್ಯೂ ಸಮಿತಿಯ ಅಧ್ಯಕ್ಷೆ ನನ್ನ ಕಡೆ ತಿರುಗಿದರು. "ಇದು ಒಂಬತ್ತನೇ ತಾರೀಕಿನ ಅಳತೆ. ಇಷ್ಟು ದಿನ ಏನ್ ಮಾಡ್ತಿದ್ರಿ?"

ಮಾರ್ಚ್ 26
ಹದಿನಾಲ್ಕು ಹೊದಿಕೆ ಬಿಚ್ಚಬೇಕು. ಬೇರೆ ಹಾಳೆಯಲ್ಲಿ ಮತ್ತೆ ಹೊಲಿಯಬೇಕು. ಹಾಲ್‌ಗೆ ಹೋಗಿ ನಾನೂ ಬಿಚ್ಚಲು ಕೂತೆ. ಅಕ್ಕ ದಾರ ಕತ್ತರಿಸುತ್ತಲೇ ಕೇಳಿದಳು.
"ಆವತ್ತು ಬಂದಿದ್ಯಲ್ಲ, ಆಗ್ಲೇ ಗೊತ್ತಿತ್ತಾ ನಿಂಗೆ?"
"ಗೊತ್ತಿತ್ತಕ್ಕ."
"ಅವನ ಮೇಲಿನ ಸಿಟ್ಟಿಗೆ ನಮ್ ಬೆರಳು ಬೇಕಿತ್ತಾ?"
ಇನ್ನೊಂದು ಹೊಲಿಗೆ ಬಿಚ್ಚಿದೆ. ಅಷ್ಟರಲ್ಲಿ ಸೀನಿಯರ್ ತಲೆ ತಗ್ಗಿಸಿಕೊಂಡು ಬಾಗಿಲ ಮುಂದೆ ಹಾದುಹೋದ. ನನಗೆ ಖುಷಿಯಾಯಿತು. ಅಕ್ಕನ ಪಕ್ಕದಲ್ಲೇ ಕೂತು, ಖುಷಿ.
ಇನ್ನೊಂದು ಸಲ ಹೀಗಾದರೆ ಮೊದಲ ದಿನವೇ ಹೇಳುತ್ತೇನೆ ಎಂದು ಬರೆಯಲು ಕೂತೆ. ಬರೆದರೆ ಸುಳ್ಳಾದೀತು. ನಿಜ ಹೇಳಬೇಕೆಂದರೆ, ಅವನ ಕಿವಿ ಕೆಂಪಾಗುವುದನ್ನು ನೋಡಲು ಮತ್ತೆ ಕಾಯುತ್ತೇನೇನೋ.