ಶ್ರೀರಂಗಪಟ್ಟಣದಲ್ಲಿ ಬಸ್ಸು ಕಾದದ್ದು

ಮಾರಿಕುಪ್ಪಂ, ೧೯೬೩

ನಮ್ಮ ಮನೆಯವರಿಗೆ,

ನೀವು ತೀರಿಕೊಂಡು ಎರಡು ವರ್ಷವಾಯಿತು, ಆದರೂ ನಿಮ್ಮ ಹೆಸರು ಬರೆಯಲು ಕೈ ಬರುವುದಿಲ್ಲ. ನಿನ್ನೆ ನಮ್ಮ ಗಣಿ ಲೈನಿನ ಮನೆಗಳವರೆಲ್ಲ ಬಸ್ಸು ಮಾಡಿಕೊಂಡು ಶ್ರೀರಂಗಪಟ್ಟಣ ನೋಡಲು ಹೋಗಿದ್ದೆವು. ಪಕ್ಕದ ಮನೆಯ ಮಾರಿಯಮ್ಮ ಬಲವಂತ ಮಾಡಿ ನನ್ನನ್ನೂ ಹೊರಡಿಸಿದಳು. ಗಣಿಯಲ್ಲಿ ರಜೆ ಸಿಕ್ಕಾಗಲೆಲ್ಲ ನೀವು ಕರೆಯುತ್ತಿದ್ದಿರಿ. "ಕೋಟೆ ಎಲ್ಲಿಗೂ ಓಗಲ್ಲ, ಬರೋ ವರ್ಸ ನೋಡಾನ" ಅನ್ನುತ್ತಿದ್ದವಳು ನಾನೇ.

ಊರು ತೋರಿಸಲು ಬಂದ ಗೈಡು ವಯಸ್ಸಾದವರು. ದರಿಯಾ ದೌಲತ್ ಬಾಗ್ ತೋಟದರಮನೆಯ ಗೋಡೆ ತುಂಬ ಯುದ್ಧದ ಚಿತ್ರ. ಆನೆ, ಕುದುರೆ, ಪಲ್ಲಕ್ಕಿ ಒಂದೊಂದನ್ನೂ ಕೋಲು ಚಾಚಿ ತೋರಿಸಿದರು. ಮನೆಗೆ ಹೋಗಿ ನಿಮಗೆ ಹೇಳಬೇಕು ಎನ್ನುವಂತೆ ನಾನು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿದ್ದೆ.

ಹೊರಡುವಾಗ ಅವರು ಬಸ್ಸು ಹತ್ತಿ, ಮುಂದೆ ಕೂತಿದ್ದ ನನ್ನನ್ನು, "ನಿಮ್ಮ ಕಡೆಯೋರೆಲ್ಲಾ ಬಂದ್ರೇನಮ್ಮಾ?" ಎಂದು ಕೇಳಿದರು.

"ನಮ್ಮನೆಯೋರು ಒಬ್ರು ಬರ್ಬೇಕು" ಅಂದುಬಿಟ್ಟೆ. ಅದು ಬಾಯಿಗೆ ಹೇಗೆ ಬಂತೋ ಕಾಣೆ.

ಡ್ರೈವರ್ ಇಂಜಿನ್ ನಿಲ್ಲಿಸಿದ. ಗೈಡು ಆ ಬಿಸಿಲಿನಲ್ಲಿ ಮತ್ತೆ ತೋಟದ ಬಾಗಿಲಿಗೆ ನಡೆದರು. ಬಸ್ಸಿನಲ್ಲಿದ್ದವರಿಗೆಲ್ಲ ನಿಮ್ಮ ವಿಷಯ ಗೊತ್ತು. ಮಾರಿಯಮ್ಮ ನನ್ನ ಕೈ ಹಿಡಿದುಕೊಂಡು, "ಏನಕ್ಕಾ ಇದು? ಪಾಪ, ಅವ್ರನ್ನ ಕೂಗ್ಲಾ?" ಎಂದಳು.

"ವಸಿ ಇರು" ಅಂದೆ.

ಅವರು ಹಣೆಗೆ ಕೈ ಅಡ್ಡ ಹಿಡಿದು, ದಾರಿಯುದ್ದಕ್ಕೂ ನಿಮ್ಮನ್ನು ಹುಡುಕುತ್ತಿದ್ದರು. ನಾನೂ ಕಿಟಕಿಯಿಂದ ಬಗ್ಗಿ ನೋಡಿದೆ.

ನಿಮ್ಮ
ಓಬಳಮ್ಮ