ಬಾಯಿಪಾಠದಿಂದ ಪಾಸಾದ ಕಣ್ಣು

ಕಣ್ಣಿನ ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಬಲಗಣ್ಣು ಸರಿಹೋಗಿದೆ ಎಂದು ನಿಮ್ಮ ಸಂಸ್ಥೆ ಬರೆದುಕೊಂಡಿದೆ. ಸರಿಹೋಗಿಲ್ಲ. ಆ ಬರಹವನ್ನೇ ನಂಬಿ ಬರುವ ಸೋಮವಾರ ಅವಳ ಎಡಗಣ್ಣಿಗೂ ಕತ್ತರಿ ಹಾಕಲು ಹೊರಟಿದ್ದೀರಿ. ನಿಲ್ಲಿಸಿ ಎಂದು ಕೇಳಿಕೊಂಡು ನಿಮ್ಮ ಕಚೇರಿಯ ಮೆಟ್ಟಿಲು ಸವೆಸಿದ್ದಾಯಿತು. ಒಳಗೆ ಹೇಳಿದ್ದು ಯಾರ ಕಿವಿಗೂ ಬೀಳದ್ದರಿಂದ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನ ಕೇಳುವಂತೆ ಹೇಳುತ್ತಿದ್ದೇನೆ.

ಅಕ್ಕ ಟೈಲರ್. ಅವಳ ಎರಡೂ ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಮಸುಕಾಗುತ್ತ ಬಂತು. ನಿಮ್ಮಲ್ಲಿ ಅದರ ಜಾಗಕ್ಕೆ ಕೂರಿಸುವ ಹೊಸ ಕೃತಕ ಪದರದ ಪ್ರಯೋಗ ನಡೆಯುತ್ತಿದೆ ಎಂದು ಕೇಳಿ ನಾನೇ ಅವಳನ್ನು ಕರೆತಂದೆ. ವಸ್ತುವಿಜ್ಞಾನದವರು ಆ ಪದರವನ್ನು ತಯಾರಿಸಿದ್ದರು. ಬೆಳಕು ಅದರೊಳಗೆ ಚೆದುರದಂತೆ ಬೆಳಕಿನ ವಿಭಾಗದವರು ನೋಡಿಕೊಂಡಿದ್ದರು, ಜೀವವಿಜ್ಞಾನದವರು ಅದರ ಮೇಲೆ ಜೀವಕೋಶ ಬೆಳೆಸಿದ್ದರು, ವೈದ್ಯರು ಅದನ್ನು ಅವಳ ಬಲಗಣ್ಣಿಗೆ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದು ಕೂರಿಸಿದರು. ಇಷ್ಟು ಬುದ್ಧಿವಂತರು ಒಬ್ಬ ಟೈಲರಮ್ಮನ ಕಣ್ಣಿಗಾಗಿ ತಲೆ ಕೆಡಿಸಿಕೊಂಡರಲ್ಲ ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನನ್ನು ವಿಜ್ಞಾನದ ವೈರಿ ಎಂದು ಒಂದೇ ಮಾತಿನಲ್ಲಿ ಬದಿಗೆ ಸರಿಸುತ್ತೀರಿ.

ನಾನು ಲೆಕ್ಕದ ಮೇಷ್ಟ್ರು. ಅನುಮಾನ ನನ್ನ ಕಸುಬು. ನಿಮ್ಮ ಹೊರಾಂಗಣದಲ್ಲಿ ಆಳೆತ್ತರದ ಫಲಕವೊಂದಿದೆ: ಪ್ರಯೋಗದಲ್ಲಿ ನೂರಕ್ಕೆ ನೂರು ಯಶಸ್ಸು. ನನ್ನ ತರಗತಿಯಲ್ಲಿ ಎಲ್ಲರೂ ನೂರಕ್ಕೆ ನೂರು ತೆಗೆದರೆ ನಾನು ಸಿಹಿ ಹಂಚುವುದಿಲ್ಲ ಸ್ವಾಮಿ, ಕಿಟಕಿಯಾಚೆ ಯಾರು ನಿಂತಿದ್ದಾರೆ ಎಂದು ಬಗ್ಗಿ ನೋಡುತ್ತೇನೆ. ಒಂದು ಮಗುವಿಗಾದರೂ ಜ್ವರ ಬಂದಿರಬೇಕು, ಒಂದಾದರೂ ಲೆಕ್ಕ ಬಿಟ್ಟಿರಬೇಕು. ನಿಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲವೇ?

ಆಗಲಿಲ್ಲ, ಏಕೆಂದರೆ ನಿಮ್ಮ ಪ್ರಶ್ನೆಪತ್ರಿಕೆ ಬದಲಾಗುವುದೇ ಇಲ್ಲ. ಪರೀಕ್ಷೆಯ ಕೋಣೆಯ ಗೋಡೆಯ ಮೇಲೆ ಒಂದು ದೀಪದ ಪೆಟ್ಟಿಗೆ, ಅದರ ಮುಂದೆ ಅಕ್ಷರಗಳ ಪಟ್ಟಿ. ಪ್ರಯೋಗ ಶುರುವಾದ ದಿನದಿಂದ ಅದೇ ಪಟ್ಟಿ. ಕೋಣೆಯ ಬಾಗಿಲು ಸೆಕೆಗೆ ಸದಾ ತೆರೆದಿರುತ್ತದೆ, ಹೊರಗಿನ ಬೆಂಚಿನಲ್ಲಿ ಕೂತವರಿಗೆ ಒಳಗಿನವರು ಓದುವುದು ಅಕ್ಷರ ಅಕ್ಷರವೂ ಕೇಳಿಸುತ್ತದೆ. ಆ ಬೆಂಚಿಗೆ ಒಬ್ಬ ಯಜಮಾನರಿದ್ದಾರೆ, ನಿವೃತ್ತ ಬಸ್ ಕಂಡಕ್ಟರ್. ಹೊಸಬರು ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಶುರುಮಾಡುತ್ತಾರೆ.

"ಮೂರನೇ ಸಾಲಲ್ಲಿ ಎಲ್ಲರೂ ಎಡವ್ತಾರೆ. 'ನ' ಆದ್ಮೇಲೆ 'ಪ', ಆಮೇಲೆ 'ರ'. ಎಲ್ಲಿ, ಇನ್ನೊಂದ್ಸಲ ಹೇಳಮ್ಮ."

"ಇದೆಲ್ಲ ಯಾಕೆ ಯಜಮಾನ್ರೇ?" ಎಂದು ನಾನು ಕೇಳಿದೆ.

"ಓದಕ್ಕಾಗ್ಲಿಲ್ಲ ಅಂದ್ರೆ ಎರಡನೇ ಕಣ್ಣು ಮಾಡಲ್ಲ ಮೇಷ್ಟ್ರೇ. ಮನೆಗೆ ಕಳಿಸ್ತಾರೆ."

ಇದು ಅವರು ಕಟ್ಟಿದ ಕತೆಯೇನಲ್ಲ, ನಿಮ್ಮದೇ ನಿಯಮ. ಮೊದಲ ಕಣ್ಣು ಪಾಸಾದವರಿಗೆ ಮಾತ್ರ ಎರಡನೆಯ ಕಣ್ಣು. ಕಾಣುವುದಿಲ್ಲ ಎಂದವನನ್ನು ಹೊರಗೆ ಹಾಕಿ, ಕಾಣುತ್ತದೆ ಎಂದವನನ್ನು ಒಳಗೆ ಕರೆದರೆ ಯಾವ ಹುಚ್ಚ ನಿಜ ಹೇಳುತ್ತಾನೆ?

ಆದರೂ ಆ ದಿನ ನಾನು ನಕ್ಕು ಸುಮ್ಮನಾದೆ. ನನ್ನ ಅಕ್ಕ ಹಾಗೆ ಮಾಡುವವಳಲ್ಲ ಎಂಬ ಧೈರ್ಯ. ಮುಂದಿನ ಸಲ ಅವಳ ಕೈ ಹಿಡಿದು ನಾನೂ ಒಳಗೆ ಹೋದೆ. ಪರೀಕ್ಷೆ ಮಾಡುವ ಸಹಾಯಕಿ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಎಡಗಣ್ಣಿಗೆ ಮುಚ್ಚಳ ಹಿಡಿಸಿ, ತಾನು ಬಾಗಿಲ ಬೆಳಕಿನಲ್ಲಿ ಕಾಗದದ ಮೇಲೆ ಬಗ್ಗಿಕೊಂಡು "ಹೂಂ, ಓದಿ ಅಮ್ಮ" ಎಂದಳು. ಅಕ್ಕ ಓದತೊಡಗಿದಳು. ಮೊದಲ ಸಾಲು, ಎರಡನೆಯದು, ಎಲ್ಲರೂ ಎಡವುವ ಮೂರನೆಯದು. ಕೊನೆಯ ಸಾಲಿನವರೆಗೆ ಮಗ್ಗಿ ಒಪ್ಪಿಸಿದಂತೆ ಸರಾಗವಾಗಿ ಓದಿದಳು. ನಾನು ಹಿಗ್ಗಿನಿಂದ ಪಟ್ಟಿಯತ್ತ ತಿರುಗಿದೆ. ಪೆಟ್ಟಿಗೆಯ ದೀಪ ಹತ್ತಿರಲಿಲ್ಲ. ಯಾರೋ ಸ್ವಿಚ್ ಹಾಕುವುದನ್ನು ಮರೆತಿದ್ದರು. ಕಿಟಕಿಗೆ ಕಪ್ಪು ಪರದೆ ಎಳೆದಿತ್ತು, ಬಾಗಿಲ ಬೆಳಕು ಅಲ್ಲಿಯವರೆಗೆ ತಲುಪುತ್ತಿರಲಿಲ್ಲ. ಕನ್ನಡಕ ಹಾಕಿದ ನನಗೂ ಆ ಗೋಡೆಯ ಮೇಲೊಂದು ಪಟ್ಟಿ ಇದೆ ಎಂಬುದಷ್ಟೇ ಕಾಣುತ್ತಿತ್ತು. ಸಹಾಯಕಿ ತಲೆ ಎತ್ತದೆ ಕಾಗದದ ಮೇಲೆ ಗುರುತು ಹಾಕಿ, "ತುಂಬಾ ಚೆನ್ನಾಗಿದೆ ಅಮ್ಮ" ಎಂದಳು.

ಹೊರಗೆ ಬಂದ ಮೇಲೆ ಕೇಳಿದೆ, "ಅಕ್ಕಾ, ದೀಪವೇ ಹತ್ತಿರ್ಲಿಲ್ವಲ್ಲೇ."

"ಹೌದಾ?" ಎಂದಳು. "ನಂಗೆ ಹೆಂಗೆ ಗೊತ್ತಾಗ್ಬೇಕೋ?"

ಅವಳ ಬಲಗಣ್ಣಿಗೆ ದೀಪ ಹತ್ತಿದ್ದೂ ಆರಿದ್ದೂ ಒಂದೇ ಆಗಿದೆ. ಅದು ನಿಮ್ಮ ಫಲಕದ ನೂರರಲ್ಲಿ ಸೇರಿದ ಕಣ್ಣು.

ಮರುದಿನವೇ ನಿಮ್ಮ ವಿಭಾಗಗಳ ಬಾಗಿಲು ತಟ್ಟಿದೆ. ವಸ್ತುವಿಜ್ಞಾನದವರು ಪದರ ಬಿರುಕು ಬಿಟ್ಟಿಲ್ಲ ಎಂದರು. ಬೆಳಕಿನ ವಿಭಾಗದವರು ಬೆಳಕು ಸರಿಯಾಗಿಯೇ ದಾಟುತ್ತಿದೆ ಎಂದರು. ಜೀವಕೋಶಗಳು ಬದುಕಿವೆಯಂತೆ, ಹೊಲಿಗೆ ಒಣಗಿದೆಯಂತೆ. ಎಲ್ಲರದೂ ಸರಿಯೇ ಇರಬಹುದು. ಮದುವೆಮನೆಯಲ್ಲಿ ಎಲ್ಲ ತಯಾರಿಯೂ ಆಗಿ ಹುಡುಗನನ್ನು ಕರೆಯಲು ಮರೆತಂತಾಗಿದೆ ಇದು. ಆ ಕಣ್ಣಿನ ಹಿಂದೆ ಕೂತವಳಿಗೆ ಕಾಣುತ್ತಿದೆಯೇ ಎಂದು ನೋಡುವ ವಿಭಾಗ ಯಾವುದು? ಕೊನೆಗೆ ನಿಮ್ಮ ಆಪ್ತ ಸಹಾಯಕರು ಕಡ್ಡಿ ಮುರಿದಂತೆ ಹೇಳಿದರು: "ರೋಗಿಯೇ ಓದಿದ್ದಾರೆ. ಅವರೇ ಒಪ್ಪಿದ್ದಾರೆ. ಮಧ್ಯೆ ನಿಮ್ದೇನ್ರೀ?"

ಹೌದು, ಅವಳೇ ಓದಿದ್ದಾಳೆ. ನಿಮಗೆ ಸುಳ್ಳು ಹೇಳಿದ್ದಾಳೆ, ಒಪ್ಪುತ್ತೇನೆ. ಆದರೆ ನನ್ನ ಅನುಮಾನ ಅವಳ ಮೇಲಿಗಿಂತ ನಿಮ್ಮ ಮೇಲೆಯೇ ಹೆಚ್ಚು. ಜೀವಕೋಶವನ್ನು ಸಾವಿರ ಪಟ್ಟು ದೊಡ್ಡದು ಮಾಡಿ ನೋಡುವವರಿಗೆ, ಬೆಂಚಿನ ಮೇಲೆ ದಿನವೂ ನಡೆಯುವ ಸಾಮೂಹಿಕ ಪಾರಾಯಣ ಕೇಳಿಸಲೇ ಇಲ್ಲವೇ? ಪಟ್ಟಿ ಬದಲಿಸಬೇಕೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಅಥವಾ ಹೊಳೆದು, ಫಲಕದ ಕಡೆ ನೋಡಿ, ಬೇಡ ಬಿಡಿ ಎಂದುಕೊಂಡರೇ? ಮರೆವಾಗಿದ್ದರೆ ತಿದ್ದಬಹುದು. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆ ಬಂದಂತೆ ನಟಿಸುವವರನ್ನು ಎಬ್ಬಿಸುವುದು ಹೇಗೆ?

ಇನ್ನು ಆ ಎಡಗಣ್ಣಿನ ಮಾತು. ಅದೂ ಮಂಜೇ. ಆದರೆ ಕಿಟಕಿಯ ಹತ್ತಿರ ಕೂತು, ಸೂಜಿಯನ್ನು ಮೂಗಿನ ತುದಿಗೆ ತಂದುಕೊಂಡು, ನಾಲ್ಕು ಸಲ ತಪ್ಪಿದರೂ ಐದನೆಯ ಸಲ ದಾರ ಪೋಣಿಸುತ್ತಾಳೆ. ಎದುರಿಗೆ ಬಂದವರನ್ನು ಮಾತಾಡಿಸುವ ಮೊದಲೇ ಗುರುತಿಸುತ್ತಾಳೆ. ನಾನು ಗಡ್ಡ ಬೋಳಿಸದೆ ಎದುರು ನಿಂತರೆ ಈಗಲೂ ಬೈಯುತ್ತಾಳೆ. ಅವಳ ಹತ್ತಿರ ಉಳಿದಿರುವ ನೋಟ ಇಷ್ಟೇ. ಅದೂ ಹೋದರೆ ಅವಳಿಗೆ ಕತ್ತಲೆ, ನಿಮಗೆ ಇನ್ನೊಂದು ಯಶಸ್ಸು.

ಅಕ್ಕನಿಗೆ ನನ್ನ ಮೇಲೆ ಕೆಂಡದಂಥ ಕೋಪ. "ನಂಗೆ ಸಿಕ್ಕಿರೋದು ಇದೊಂದೇ ದಾರಿ ಕಣೋ, ಅದಕ್ಕೂ ಕಲ್ಲು ಹಾಕ್ತೀಯಲ್ಲೋ" ಎಂದು ಅತ್ತಳು. ಒಂದು ಕಣ್ಣು ಹಾಳಾದರೇನು, ಇನ್ನೊಂದು ಗೆದ್ದೀತು ಎಂಬ ಆಸೆ ಅವಳದು. ಆಸೆಯನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಮೊದಲನೆಯದು ಏಕೆ ಸೋತಿತು ಎಂದು ತಿಳಿದುಕೊಳ್ಳದೆ ಎರಡನೆಯದಕ್ಕೆ ಕೈ ಹಾಕಿದರೆ, ಅದನ್ನು ಚಿಕಿತ್ಸೆ ಎನ್ನುತ್ತಾರೋ ಜೂಜು ಎನ್ನುತ್ತಾರೋ ನೀವೇ ಹೇಳಿ.

ಆದ್ದರಿಂದ ನನ್ನ ಬೇಡಿಕೆ. ಗೋಡೆಯ ಪಟ್ಟಿ ಬದಲಾಯಿಸಿ. ಬಾಗಿಲು ಮುಚ್ಚಿ, ದೀಪ ಹಾಕಿ, ಅಕ್ಕನ ಬಲಗಣ್ಣನ್ನು ಮತ್ತೆ ಪರೀಕ್ಷಿಸಿ. ಬೆಂಚಿನ ಮೇಲಿನ ಪ್ರತಿಯೊಬ್ಬರನ್ನೂ ಪರೀಕ್ಷಿಸಿ, ಕಾಣುವುದಿಲ್ಲ ಎಂದವರನ್ನು ಹೊರಗೆ ಕಳಿಸುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಅಲ್ಲಿಯವರೆಗೆ ಎಡಗಣ್ಣನ್ನು ಮುಟ್ಟಬೇಡಿ.

ಕೊನೆಯದಾಗಿ ಇನ್ನೊಂದು. ಪತ್ರವನ್ನು ಇಲ್ಲಿಯವರೆಗೆ ಅಕ್ಕನಿಗೆ ಓದಿ ಹೇಳಿದೆ. ಸಿಟ್ಟು ಇಳಿದಂತಿತ್ತು. ಆಮೇಲೆ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು, "ಆ ಹೊಸ ಪಟ್ಟೀಲಿ ಏನೇನಿರತ್ತೆ ಅಂತ ಮೊದ್ಲೇ ಕೇಳ್ಕೊಂಡು ಬಾರೋ."

ಮಾನ್ಯರೇ, ನಾನು ಬಂದು ಕೇಳಿದರೆ ದಯವಿಟ್ಟು ಹೇಳಬೇಡಿ. ತಿಳಿದರೆ ಅವಳಿಗೆ ಹೇಳದೆ ಇರುವಷ್ಟು ಗಟ್ಟಿ ಮನಸ್ಸು ನನ್ನದಲ್ಲ.

ಇಂತಿ,
ನಿಮ್ಮ ನೂರರಲ್ಲಿ ಒಂದು ಅಂಕ ಕಳೆಯಲು ಬಂದ ಲೆಕ್ಕದ ಮೇಷ್ಟ್ರು,
ಚೆನ್ನಾಗಿ ಓದುವ ಒಬ್ಬ ರೋಗಿಯ ತಮ್ಮ