ಅಳಿಯನ ಪುಡಿ

ಅರೆಕೆರೆ,
11 ಆಗಸ್ಟ್ 2024

ಕೈಲಾಸ್ ಅವರಿಗೆ,

ಕ್ಷೇಮ ಕೇಳುವ ಮನಸ್ಸಿಲ್ಲ, ಕೇಳುತ್ತಿಲ್ಲ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಕೂಗಾಡಿಬಿಡುತ್ತೇನೆ, ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದಾರೆ. ಅದಕ್ಕೇ ಈ ಕಾಗದ.

ಹೋದ ತಿಂಗಳು ಜಯನಗರದ ಅಂಗಡಿಯ ಶಟರ್ ಎಳೆಯುವಾಗ ಅಪ್ಪನಿಗೆ ಎರಡನೇ ಸಲ ಹಾರ್ಟ್ ಅಟ್ಯಾಕ್ ಆಯಿತು. ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರೆ, ಅಪ್ಪ ಆಕ್ಸಿಜನ್ ಮಾಸ್ಕ್ ಸರಿಸಿ ನಿಮ್ಮನ್ನು ಹೊಗಳಿದರು. "ಶಿವನಿಗೆ ಏರಿಸೋ ಬಿಲ್ವಪತ್ರೆ ಸಾರ್. ನಮ್ಮ ಅಳಿಯಂದಿರು ಲ್ಯಾಬಲ್ಲೇ ಪರೀಕ್ಷೆ ಮಾಡಿ ನೋಡಿದಾರೆ. ಇನ್ನು ಮಾತ್ರೆ ಯಾಕೆ?"

ಮಾತ್ರೆ ಬಿಡಿ ಎಂದು ನೀವು ಹೇಳಲಿಲ್ಲ, ಗೊತ್ತು. ಬಿಡಬೇಡಿ ಎಂದೂ ಹೇಳಲಿಲ್ಲ. ನಾನು ನಿಮ್ಮನ್ನು ಬಿಟ್ಟು ಬಂದ ಮೇಲೆ ಈ ಮನೆಯಲ್ಲಿ ನಿಮಗೆ ಬಾಗಿಲು ತೆಗೆಯುತ್ತಿದ್ದವರು ಅಪ್ಪ ಒಬ್ಬರೇ. ಭಾನುವಾರ ಬಂತೆಂದರೆ ಪತ್ರೆಯ ಪುಡಿ ಹಿಡಿದು ಹಾಜರು. ಲಿಂಗಪೂಜೆ ಮುಗಿಸಿ ಎದ್ದವರನ್ನು ಕೂರಿಸಿಕೊಂಡು ಇಲಿಗಳ ಕಥೆ ಹೇಳಿದಿರಿ. ಅವರು ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಾಗ ನೀವು ಅಲ್ಲೇ ಕಾಫಿ ಕುಡಿಯುತ್ತಿದ್ದಿರಿ. ನಾನು ಅದನ್ನು ಇಳಿಸಿ ತಂದರೆ, ಗಂಡನ ಮೇಲಿನ ಸಿಟ್ಟನ್ನು ಔಷಧಿಯ ಮೇಲೆ ತೀರಿಸಬೇಡ ಎಂದು ನನಗೇ ಬೈದರು. ನೀವು ತಲೆ ಎತ್ತಲಿಲ್ಲ.

ಆ ಇಲಿಗಳ ಕಥೆ ನನಗೂ ಗೊತ್ತು. ಮದುವೆಯಾದ ಹೊಸದರಲ್ಲಿ ನಿಮ್ಮ ಥೀಸಿಸ್ ಟೈಪ್ ಮಾಡಿದವಳು ನಾನೇ. ಆರೋಗ್ಯವಾಗಿದ್ದ ಇಲಿಗಳಿಗೆ ವಾರಗಟ್ಟಲೆ ಪತ್ರೆಯ ಸಾರ ಕುಡಿಸಿದಿರಿ. ಆಮೇಲೆ ಸೂಜಿ ಚುಚ್ಚಿ ಹೃದಯ ಕೆಡಿಸಿದಿರಿ. ಸಾರ ಕುಡಿದ ಇಲಿಗಳಿಗೆ ಪೆಟ್ಟು ಕಡಿಮೆ ಬಿದ್ದಿತ್ತು, ನಿಜ. ಆದರೆ ಮೊದಲೇ ಕೆಟ್ಟ ಹೃದಯಕ್ಕೆ ಅದರಿಂದ ಏನಾಗುತ್ತದೆ ಎಂದು ನೀವು ಒಂದು ಇಲಿಯಲ್ಲೂ ನೋಡಿಲ್ಲ. ಅಪ್ಪನದು ಮೊದಲೇ ಕೆಟ್ಟಿತ್ತು. ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಹೇಳಿದ್ದರೆ ಮುಂದಿನ ಭಾನುವಾರ ಬರಿಗೈಯಲ್ಲಿ ಬರಬೇಕಾಗುತ್ತಿತ್ತು, ಅಷ್ಟೇ.

ಮತ್ತೆ ಒಟ್ಟಿಗೆ ಇರೋಣ ಎಂದು ಮೆಸೇಜ್ ಕಳಿಸಿದ್ದೀರಿ. ಆಗುವುದಿಲ್ಲ. ನನ್ನ ಅಪ್ಪನ ಜೀವವನ್ನು ನೆಂಟಸ್ತಿಕೆ ಉಳಿಸಿಕೊಳ್ಳಲು ಬಳಸಿದವರ ಜೊತೆ ನಾನು ಊಟಕ್ಕೆ ಕೂರಲಾರೆ. ವಕೀಲರನ್ನು ನೋಡಿ ಬಂದಿದ್ದೇನೆ. ಈ ಮನೆಗೆ ಇನ್ನು ಬರಬೇಡಿ.

ಪ್ರೇರಣಾ

ತಾ.ಕ.: ಅಪ್ಪ ಈಗಲೂ ಮಾತ್ರೆ ಮುಟ್ಟುವುದಿಲ್ಲ. ಪುಡಿ ಇದ್ದದ್ದಕ್ಕೇ ಬದುಕಿದೆ ಎನ್ನುತ್ತಾರೆ. ಡಾಕ್ಟರನ್ನು ಕೇಳಿ, ಅರೆದು ಕೊಡಬಹುದಾದ ಮಾತ್ರೆಗಳನ್ನೇ ಬರೆಸಿಕೊಂಡು ಬಂದಿದ್ದೇನೆ. ಜೇನಿನಲ್ಲಿ ಕಲಸಿ, ಅಳಿಯಂದಿರು ಕಳಿಸಿದ ಹೊಸ ಪುಡಿ ಎಂದು ಕೊಡುತ್ತೇನೆ. ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಥ್ಯಾಂಕ್ಸ್ ಹೇಳಲು ನಿಮಗೆ ಫೋನ್ ಮಾಡಬೇಕಂತೆ. ಮಾಡಿದರೆ, ಹೌದು ಮಾವ, ನಾನೇ ಕಳಿಸಿದ್ದು ಎನ್ನಿ. ಈ ಸಲ ಸುಮ್ಮನಿರಬೇಡಿ.